ಕಿಟಕಿ ದಂಡೆಯ ಸಿಗ್ನಲ್

"ಅಷ್ಟು ಒಳಗೆ ಇಡಬೇಡಿ ವಕೀಲಮ್ಮ. ಇನ್ನೂ ಸ್ವಲ್ಪ ಹೊರಗೆ. ಹಾಂ, ಅಲ್ಲಿ," ಎಂದಳು ಟೈಲರಮ್ಮ, ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನನ್ನು ತೆಗೆಯದೆ.

ನಾನು ಫೋನನ್ನು ಕಿಟಕಿ ದಂಡೆಯ ಅಂಚಿಗೆ ಸರಿಸಿದೆ. ಸಿಗ್ನಲ್ಲಿನ ಗೆರೆಗಳು ಒಂದೊಂದಾಗಿ ಎದ್ದು ನಿಂತವು. ಒಂದು ಗೇಣು ಒಳಗೆ ತಂದೆ. ಮತ್ತೆ ಮಲಗಿದವು.

ಕಿಟಕಿ ಮೊದಲ ಮಹಡಿಯದು. ಕೆಳಗೆ ರಸ್ತೆಯಾಚೆ ಆಂಬುಲೆನ್ಸ್ ಶೆಡ್ಡು. ತಗಡಿನ ಛಾವಣಿ, ಮೂರು ಕಡೆ ಕಾಂಕ್ರೀಟ್ ಗೋಡೆ, ಬೆನ್ನಿಗೆ ಆನೆಯಂಥ ಗೋದಾಮು. ಅದರೊಳಗೆ ಸಿಗ್ನಲ್ ನುಸುಳುವುದಿಲ್ಲ. ಹಾಗಾಗಿ ಚಾಲಕರು ತಮ್ಮ ಟ್ಯಾಬನ್ನು, ಅಂದರೆ ಕಂಟ್ರೋಲ್ ರೂಮಿನಿಂದ ಕರೆಗಳು ಬಂದಿಳಿಯುವ ಆ ಯಂತ್ರವನ್ನು, ತಂದು ಟೈಲರಮ್ಮನ ಕಿಟಕಿಯಲ್ಲಿ ಇಡುತ್ತಾರೆ. ಅದು ಕೂಗಿದರೆ ಅವಳು ಅಳತೆಕೋಲಿನಿಂದ ಕಿಟಕಿಯ ಸರಳು ಬಡಿಯುತ್ತಾಳೆ. ಚಾಲಕ ಮೆಟ್ಟಿಲು ಹತ್ತಿ ಬಂದು ಒಪ್ಪಿಗೆಯ ಗುಂಡಿ ಒತ್ತಿ, ವಿಳಾಸ ನೋಡಿಕೊಂಡು ಇಳಿದು ಓಡುತ್ತಾನೆ.

ನಗರದ ಹೊಚ್ಚಹೊಸ ವೈರ್‌ಲೆಸ್ ವ್ಯವಸ್ಥೆ ಈ ಬೀದಿಯಲ್ಲಿ ಒಂದು ಅಳತೆಕೋಲಿನ ಮೇಲೆ ನಿಂತಿದೆ ಎಂದು ನನಗೆ ಗೊತ್ತಾದದ್ದೇ ಆವತ್ತು ಮಧ್ಯಾಹ್ನ.

ಕಳೆದ ವಾರ ಬಸ್ ಡಿಪೋದ ಟೈಮ್‌ಕೀಪರ್ ಎದೆನೋವೆಂದು ಕರೆದಾಗ ಇಲ್ಲಿನ ಚಾಲಕರಾದ ನನ್ನ ಭಾವನ ಗಾಡಿ ಕರೆಯನ್ನು ಒಪ್ಪಿಕೊಂಡಿತ್ತು. ಆದರೆ ಶೆಡ್ಡಿನಿಂದ ಕದಲಲಿಲ್ಲ, ಆತ ದಾರಿ ಕಾಯುತ್ತಲೇ ತೀರಿಕೊಂಡ. ಒಂದು ಗಾಡಿ ಒಪ್ಪಿಕೊಂಡ ಮೇಲೆ ಕರೆ ಬೇರೆ ಗಾಡಿಗೆ ಹೋಗುವುದಿಲ್ಲ. ನಾಳೆ ಬೆಳಿಗ್ಗೆ ವಿಚಾರಣೆ. ಒತ್ತಿಯೂ ಹೋಗಲಿಲ್ಲ ಎಂದು ತೀರ್ಮಾನವಾದರೆ ಭಾವನ ಕೆಲಸ ಹೋಗುವುದಷ್ಟೇ ಅಲ್ಲ, ಜೈಲೂ ಆಗುತ್ತದೆ. ಅವರ ಪರ ನಿಲ್ಲುವ ವಕೀಲೆ ನಾನು, ಅಕ್ಕನ ಒಬ್ಬಳೇ ತಂಗಿ.

ಆ ದಿನ ಟ್ಯಾಬ್ ಇಲ್ಲೇ ಇತ್ತೇ ಎಂದು ಕೇಳಿದೆ. ಇಲ್ಲೇ, ಈ ದಂಡೆಯ ಮೇಲೇ ಇತ್ತು ಎಂದಳು. ಯಾರಾದರೂ ಮುಟ್ಟಿದರೇ? ಯಾರೂ ಇಲ್ಲ. ನೀವು?

ಹೊಲಿಗೆ ಯಂತ್ರ ನಿಂತಿತು. ಟೈಲರಮ್ಮ ಗುಂಡುಪಿನ್ನನ್ನು ತೆಗೆದು ತೋಳಿಗೆ ಕಟ್ಟಿಕೊಂಡಿದ್ದ ಪುಟ್ಟ ದಿಂಬಿಗೆ ಚುಚ್ಚಿದಳು.

"ಕೂಗದೇ ಇರೋದನ್ನ ನಾನ್ಯಾಕೆ ಮುಟ್ಟಲಿ? ಕೂಗಿದ್ರೇ ನನಗೆ ಮುಟ್ಟೋಕೆ ಭಯ. ಅದು ಅವತ್ತು ತುಟಿ ಪಿಟಕ್ ಅನ್ನಲಿಲ್ಲ."

"ಯಂತ್ರದ ಸದ್ದಿನಲ್ಲಿ ಕೇಳಿಸದೇ ಇರಬಹುದಲ್ವಾ?"

"ಯಂತ್ರ ನಿಂತಿತ್ತು ಕಣ್ರೀ. ನಾನು ನನ್ನ ತಂಗಿ ಜೊತೆ ಫೋನಲ್ಲಿ ಮುಖ ನೋಡಿಕೊಂಡು ಜಗಳ ಆಡ್ತಿದ್ದೆ."

ಜಗಳದ ವಿಷಯ ಒಂದು ಕೋಟಿನ ತೋಳಿನ ಉದ್ದ. ಅದನ್ನು ಟೈಲರಮ್ಮ ನನಗೆ ಪೂರ್ತಿ ಹೇಳಿದಳು, ನಾನೂ ತಡೆಯಲಿಲ್ಲ. ಜನ ತಮ್ಮ ಜಗಳ ಹೇಳುವಾಗ ಸುಳ್ಳು ಹೇಳುವುದು ಕಡಿಮೆ. ತಂಗಿ ಅತ್ತ ಕಡೆಯಿಂದ ಏನೋ ಬೈಯಲು ಬಾಯಿ ತೆರೆದವಳು ಹಾಗೆಯೇ ನಿಂತುಬಿಟ್ಟಳಂತೆ, ಹಲ್ಲಿನ ವೈದ್ಯರ ಮುಂದೆ ಕೂತವರ ಹಾಗೆ. ಎಷ್ಟು ಕೂಗಿದರೂ ಬಾಯಿ ಮುಚ್ಚಲಿಲ್ಲ.

"ಹುಟ್ಟಿದಾಗಿನಿಂದ ಅವಳು ನನ್ನ ಮುಂದೆ ಸುಮ್ಮನಿದ್ದಿದ್ದು ಅದೊಂದೇ ಸಲ. ನೆಟ್‌ವರ್ಕ್ ಹೋಗಿತ್ತು ಅಂತ ಆಮೇಲೆ ತಿಳೀತು."

ಯಾವ ಹೊತ್ತು ಎಂದು ಕೇಳಿದೆ, ದನಿಯಲ್ಲಿ ಆತುರ ಕಾಣದ ಹಾಗೆ. ಎದುರಿನ ಶಾಲೆ ಬಿಟ್ಟು ಮಕ್ಕಳು ರಸ್ತೆ ತುಂಬಿದ್ದರಂತೆ. ಜಾಲ ಮತ್ತೆ ಬರುವ ಹೊತ್ತಿಗೆ ರಸ್ತೆ ಖಾಲಿಯಾಗಿತ್ತಂತೆ. ಕೆಳಗಿನ ಔಷಧಿ ಅಂಗಡಿಯವನೂ ಅದನ್ನೇ ಹೇಳಿದ. ಅಂಗಡಿಯಲ್ಲಿ ಎಲ್ಲರೂ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದರಂತೆ, ಮೇಲಿನಿಂದ ಏನೋ ಸುರಿಯುತ್ತದೆ ಅನ್ನೋ ಹಾಗೆ.

ಟೈಮ್‌ಕೀಪರನ ಮಗಳು ಕರೆ ಮಾಡಿದ್ದು ಶಾಲೆ ಬಿಡುವ ಹೊತ್ತಿಗೇ. ಭಾವನ ಗಾಡಿ ಒಪ್ಪಿಕೊಂಡಿತು ಎಂದು ದಾಖಲೆ ಹೇಳುವುದೂ ಅದೇ ಹೊತ್ತಿಗೆ. ಆ ಹೊತ್ತಿನಲ್ಲಿ ಈ ಬೀದಿಯಿಂದ ಒಂದು ಅಕ್ಷರವೂ ಹೊರಗೆ ಹೋಗುವಂತಿರಲಿಲ್ಲ.

ಅಂದರೆ ಈ ಕಿಟಕಿಯಲ್ಲಿ ಯಾರೂ ಗುಂಡಿ ಒತ್ತಿಲ್ಲ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮೆಟ್ಟಿಲಿಳಿಯುವಾಗ ಭಾವನ ಮುಖ ನೆನಪಾಯಿತು. ಕೇಳಿದಾಗೆಲ್ಲ ಅವರು ಹೇಳುವುದು ಒಂದೇ ಮಾತು, ನನಗೆ ಕರೆ ಬಂದಿದ್ದೇ ಗೊತ್ತಾಗಲಿಲ್ಲ ಅಂತ. ಹೇಳಿ ನೆಲ ನೋಡುತ್ತಾರೆ. ಮಾಡದ ತಪ್ಪು ಹೊತ್ತವರಿಗೆ ಸಿಟ್ಟು ಬರಬೇಕು. ಭಾವನಿಗೆ ಒಂದು ದಿನವೂ ಬಂದಿರಲಿಲ್ಲ.

ಶೆಡ್ಡಿನೊಳಗೆ ಹೋಗಿ ನಿಂತೆ. ಗೋಡೆಯ ಮೇಲೆ ತಟ್ಟೆಯಗಲದ ಒಂದು ಗುಂಡನೆ ಗುರುತು, ಸುತ್ತ ಸುಣ್ಣ ಹಳದಿಯಾಗಿ ಅಲ್ಲಿ ಮಾತ್ರ ಬೆಳ್ಳಗಿತ್ತು. ಕರೆಗಂಟೆ ಇದ್ದ ಜಾಗ. ಕಂಟ್ರೋಲ್ ರೂಮಿನಿಂದ ನೇರ ತಂತಿಯಲ್ಲಿ ಬಾರಿಸುತ್ತಿದ್ದ ಗಂಟೆ. ಹಿಂದಿನ ವರ್ಷ ಅದನ್ನು ಕಿತ್ತರು. ಅದು ಇದ್ದಾಗ ಬೀದಿಗೆಲ್ಲ ಮಧ್ಯಾಹ್ನದ ನಿದ್ದೆ ಇರಲಿಲ್ಲ, ಈಗ ನಿದ್ದೆ ಇದೆ, ನೆಮ್ಮದಿ ಇಲ್ಲ ಎಂದು ಟೈಲರಮ್ಮ ಹೇಳಿದ್ದಳು.

ಹೊರಗೆ ಬಂದು ಭಾವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ.

*

ಕಂಟ್ರೋಲ್ ರೂಮಿನ ಮುಖ್ಯಸ್ಥರು ತಾವೇ ಎದ್ದು ನನಗೆ ನೀರು ತಂದುಕೊಟ್ಟರು. ಮೆಲುದನಿಯ ಮನುಷ್ಯ, ಇಸ್ತ್ರಿ ಕೆಡದ ಅಂಗಿ. ಗಾಜಿನ ಗೋಡೆಯಾಚೆ ದೊಡ್ಡ ಪರದೆಯಲ್ಲಿ ನಗರದ ನಕ್ಷೆ, ಅದರ ತುಂಬ ಹಸಿರು ಚುಕ್ಕಿಗಳು. ಒಂದೊಂದು ಚುಕ್ಕಿ ಒಂದೊಂದು ಗಾಡಿ. ಅದರ ಮುಂದೆ ಕೂತವರು ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಗ್ರಂಥಾಲಯದಂತಿತ್ತು. ಈಚೆ, ಅವರ ಕೋಣೆಯ ಪಕ್ಕಕ್ಕೆ ಇನ್ನೊಂದು ಚಿಕ್ಕ ಬಾಗಿಲು, ಅರ್ಧ ಮುಚ್ಚಿತ್ತು.

ಮೊದಲು ವಿಷಯ ಬಿಟ್ಟು ಬೇರೇನೋ ಕೇಳಿದೆ. ತಂತಿಯನ್ನು ಯಾಕೆ ಕಿತ್ತಿರಿ, ಎರಡೂ ಇರಬಹುದಿತ್ತಲ್ಲ ಎಂದೆ.

ಅವರಿಗೆ ಬೇಸರವಾಗಲಿಲ್ಲ. ಈ ಪ್ರಶ್ನೆಗೆ ಅವರು ಬಹಳ ಸಲ ಉತ್ತರ ಹೇಳಿದ್ದರು, ಪ್ರತಿ ಸಲವೂ ನಂಬಿಯೇ ಹೇಳಿದ್ದರು ಅನ್ನಿಸಿತು.

"ತಂತಿ ಇದ್ದಾಗ ಎಲ್ಲ ಚೆನ್ನಾಗಿತ್ತು ಅಂತಾರೆ, ಮೇಡಂ. ಜೋರು ಮಳೆ ಬಂದರೆ ಅರ್ಧ ಊರಿನ ಗಂಟೆಗಳು ಮೂಕ ಆಗ್ತಿದ್ದವು. ರಸ್ತೆ ಅಗೆಯೋರು ತಂತಿ ಕಡಿದು, ಮಣ್ಣು ಮುಚ್ಚಿ, ಏನೂ ಆಗಿಲ್ಲ ಅನ್ನೋ ಥರ ಹೋಗ್ತಿದ್ರು. ಆಗ ಸತ್ತೋರನ್ನ ಯಾರೂ ಎಣಿಸಲಿಲ್ಲ. ಎಣಿಸೋಕೆ ಇಂಥ ಪರದೆ ಇರಲಿಲ್ಲ. ಈಗ ಗಾಡಿಗಳು ಮೊದಲಿಗಿಂತ ಬೇಗ ತಲುಪ್ತಿವೆ. ಎಷ್ಟೋ ಜನ ಇವತ್ತು ಓಡಾಡ್ತಿದ್ದಾರೆ, ತಾವು ಯಾಕೆ ಬದುಕಿದ್ದೀವಿ ಅಂತ ಅವರಿಗೇ ಗೊತ್ತಿಲ್ಲ."

ಅದು ಸುಳ್ಳಲ್ಲ. ನಾನೂ ಒಪ್ಪಿದೆ. ಎರಡನ್ನೂ ಇಟ್ಟುಕೊಳ್ಳಲು ನಗರಸಭೆಯವರು ಬಿಡಲಿಲ್ಲವಂತೆ, ತಂತಿ ಕಿತ್ತರೇ ಉಳಿತಾಯ ಎಂದು ಲೆಕ್ಕ ತೋರಿಸಿದರಂತೆ. ತಂತಿ ಕೀಳುವ ಮುಂದಿನ ಸರದಿ ಅಗ್ನಿಶಾಮಕ ದಳದ್ದು. ಆಮೇಲೆ ನೀರಿನ ಪಂಪುಗಳು. ನಾಳೆ ಸಂಜೆ ಸಭೆಯಲ್ಲಿ ಅದಕ್ಕೆ ಒಪ್ಪಿಗೆ ಬೀಳಬೇಕಿತ್ತು. ಬೆಳಿಗ್ಗೆ ಭಾವನ ವಿಚಾರಣೆ, ಸಂಜೆ ಅದು. ಆ ಎರಡೂ ಒಂದೇ ದಿನ ಬಿದ್ದದ್ದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

"ಶೆಡ್ಡಿನ ಬೀದಿಯ ಟವರು ಆ ಹೊತ್ತಿಗೆ ಸತ್ತಿತ್ತು," ಎಂದೆ.

ಅವರು ನನ್ನನ್ನು ನೋಡಿದರು. ಹೌದು ಎಂದರು. ಅಷ್ಟು ಸುಲಭವಾಗಿ ಹೌದು ಅನ್ನುತ್ತಾರೆಂದು ನಾನು ಎಣಿಸಿರಲಿಲ್ಲ.

ವರದಿಯಲ್ಲಿ ಯಾಕಿಲ್ಲ ಎಂದೆ. ಯಾವ ಟವರಾದರೂ ಒಮ್ಮೊಮ್ಮೆ ಬೀಳುತ್ತದೆ, ಬಿದ್ದು ಏಳುತ್ತದೆ, ಎಲ್ಲವನ್ನೂ ಬರೆಯುತ್ತ ಕೂತರೆ ವರದಿ ಮುಗಿಯುವುದಿಲ್ಲ ಎಂದರು. ಜೊತೆಗೆ, ಯಾರೂ ಕೇಳಲಿಲ್ಲ.

"ನಾನು ಕೇಳ್ತಿದ್ದೀನಿ. ಬೀದಿಯಲ್ಲಿ ಜಾಲ ಇಲ್ಲದಾಗ ಗಾಡಿ ಒಪ್ಪಿಕೊಂಡಿತು ಅಂತ ನಿಮಗೆ ಹೇಗೆ ಬಂತು?"

ಅವರು ಮೇಜಿನ ಮೇಲಿನ ಪರದೆಯನ್ನು ನಿಧಾನವಾಗಿ ನನ್ನ ಕಡೆಗೆ ತಿರುಗಿಸಿದರು. ಆ ದಿನದ ದಾಖಲೆ ಅದರಲ್ಲಿ ಮೊದಲೇ ತೆರೆದಿತ್ತು. ಹುಡುಕುವ ಕೆಲಸವೇ ಇರಲಿಲ್ಲ. ಅದು ನನ್ನನ್ನು ಚುಚ್ಚಿತು, ಆದರೆ ಯಾಕೆಂದು ಆಗ ತಿಳಿಯಲಿಲ್ಲ.

ಭಾವನ ಗಾಡಿಯ ಸಂಖ್ಯೆಯಲ್ಲಿ ಎರಡು ಟ್ಯಾಬುಗಳಿದ್ದವು ಎಂದರು. ಒಂದರ ಗಾಜು ಬಿರಿದು ಹೊಸದನ್ನು ಕೊಟ್ಟಿದ್ದರು. ಹಳೆಯದನ್ನು ಭಾವ ಹಿಂದಿರುಗಿಸಿದರೋ ಇಲ್ಲವೋ ಯಾರೂ ವಿಚಾರಿಸಲಿಲ್ಲ, ಅದರ ಬಾಯಿಯನ್ನೂ ಯಾರೂ ಕಟ್ಟಲಿಲ್ಲ. ಕರೆ ಬಂದರೆ ಎರಡೂ ಕೂಗುತ್ತಿದ್ದವು. ಆ ದಿನ ಒಪ್ಪಿಗೆ ಬಂದದ್ದು ಬೇರೆ ಟವರಿನ ಮೂಲಕ, ಊರಿನ ಇನ್ನೊಂದು ಮೂಲೆಯಿಂದ.

"ಯಾವ ಮೂಲೆ?"

"ನರ್ಸರಿ ಹಿಂದಿನ ಓಣಿ," ಎಂದು ಅವರು ಮೆಲ್ಲಗೆ ಓದಿದರು. ಗಿಡ ಮಾರುವ ನರ್ಸರಿ. ಅದರ ಹಿಂದೆ ಇರುವುದು ಒಂದೇ ಓಣಿ. ಆ ಓಣಿಯ ಕೊನೆಯ ಮನೆ ಅಕ್ಕನದು.

ನಾನು ನೀರು ಕುಡಿದೆ. ಲೋಟ ಕೆಳಗಿಡುವಾಗ ಸದ್ದಾಗದ ಹಾಗೆ ನೋಡಿಕೊಂಡೆ.

ಕೇಳಬೇಕಾದ ಪ್ರಶ್ನೆ ಇನ್ನೂ ಒಂದಿತ್ತು. ಗಾಡಿ ಹೊರಟಿಲ್ಲ ಎಂದು ಆ ಮಧ್ಯಾಹ್ನ ಯಾರಾದರೂ ನಿಮಗೆ ಫೋನ್ ಮಾಡಿದ್ದರೇ ಎಂದು ಕೇಳಿದೆ. ಕೇಳಬೇಕಲ್ಲ ಎಂದು ಕೇಳಿದೆ, ಉತ್ತರದ ನಿರೀಕ್ಷೆ ಇರಲಿಲ್ಲ.

"ಇಲ್ಲ. ಅಂಥದ್ದೊಂದು ಕರೆಯೂ ಬರಲಿಲ್ಲ." ಆಮೇಲೆ, ನಾನು ಚೀಲ ಎತ್ತಿಕೊಳ್ಳುವಾಗ, "ನಾಳೆ ನೀವು ಟವರಿನ ಮಾತೆತ್ತಿದರೆ ನಾನು ಈ ಓಣಿಯ ಮಾತೆತ್ತಬೇಕಾಗುತ್ತೆ, ಮೇಡಂ. ನಿಮಗೆ ಬೇಜಾರಾಗಬಾರದು ಅಂತ ಮೊದಲೇ ಹೇಳಿದೆ," ಎಂದರು. ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

*

ಅಕ್ಕ ಹಾಲ್‌ನಲ್ಲಿ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಮನೆಯಲ್ಲಿ ಅವಳೊಬ್ಬಳೇ. ಬೆಳಿಗ್ಗೆ ಹೋದ ಭಾವ ಇನ್ನೂ ಬಂದಿಲ್ಲ, ಫೋನೂ ಎತ್ತುತ್ತಿಲ್ಲ ಎಂದಳು. ನನ್ನನ್ನು ನೋಡಿ ಮಾಮೂಲಿನಂತೆ ನಕ್ಕಳು. ಮತ್ತೆ ಒಣಕಲು ಕಡ್ಡಿ ಆಗಿದ್ದೀಯ, ವಕಾಲತ್ತು ಮಾಡೋರು ಊಟ ಮಾಡಬಾರದು ಅಂತ ಕಾನೂನಿದೆಯಾ ಎಂದಳು.

"ಅಕ್ಕಾ, ಹಳೇ ಟ್ಯಾಬ್ ಎಲ್ಲಿ?"

ಅವಳ ಕೈ ನಿಲ್ಲಲಿಲ್ಲ. ಭಾವನ ಸಮವಸ್ತ್ರದ ಅಂಗಿಯನ್ನು ಮಡಚಿ, ತೋಳುಗಳನ್ನು ಒಳಗೆ ಸೇರಿಸಿ, ಅಂಗೈಯಿಂದ ಒತ್ತಿದಳು.

"ನಿನಗೆ ಯಾರು ಹೇಳಿದ್ರು?"

ನಾನು ಚೀಲ ಕೆಳಗಿಟ್ಟೆ. ಸುಮ್ಮನಿದ್ದರೆ ಅಕ್ಕ ಹೇಳುತ್ತಾಳೆ, ಚಿಕ್ಕಂದಿನಿಂದಲೂ ಹಾಗೇ.

ಟೈಲರಮ್ಮ ದಿನವೂ ಇರುವುದಿಲ್ಲವಲ್ಲ ಎಂದು ಶುರು ಮಾಡಿದಳು. ಅವಳ ರಜೆಯ ದಿನ, ಅವಳು ಅಂಗಡಿ ತೆರೆಯುವ ಮೊದಲು, ಕಿಟಕಿಯೇ ಇಲ್ಲ. ಕರೆ ಬಂದು ಸ್ವಲ್ಪ ಹೊತ್ತಿನಲ್ಲಿ ಒತ್ತದಿದ್ದರೆ ಪರದೆ ಕೆಂಪಾಗುತ್ತದೆ, ಚಾಲಕ ಕರೆ ತಿರಸ್ಕರಿಸಿದ ಎಂದು ಬರೆದುಕೊಳ್ಳುತ್ತದೆ. ಭಾವನಿಗೆ ಅಂಥ ಎರಡು ಕೆಂಪು ಬಿದ್ದು, ಮೇಲಿನವರು ಕರೆದು ಬೈದಿದ್ದರು. ಮನೆಯಲ್ಲಿ ಸಿಗ್ನಲ್ ಚೆನ್ನಾಗಿದೆ. ಹಾಗಾಗಿ ಬಿರುಕು ಬಿಟ್ಟ ಟ್ಯಾಬನ್ನು ಭಾವ ಮನೆಗೆ ತಂದು ಅಡುಗೆಮನೆಯ ಕಪಾಟಿನ ಮೇಲಿಟ್ಟರು. ಅದು ಕೂಗಿ ಕೂಗಿ ನಿಲ್ಲದಿದ್ದರೆ ಅಕ್ಕ ಒತ್ತುವುದು, ಕೂಡಲೇ ಭಾವನಿಗೆ ಫೋನ್ ಮಾಡಿ ವಿಳಾಸ ಹೇಳುವುದು. ಶೆಡ್ಡಿನಲ್ಲಿ ಟ್ಯಾಬಿಗೆ ಏನೂ ಬರದಿದ್ದರೂ ಫೋನು ಹೇಗೋ ರಿಂಗಾಗುತ್ತಿತ್ತು.

"ಎಷ್ಟೋ ಸಲ ಮಾಡಿದ್ದೀನಿ ಕಣೇ. ಒಂದು ಸಲವೂ ತಪ್ಪಿರಲಿಲ್ಲ. ಒಂದು ಹೆರಿಗೆ ಕೇಸಿಗೆ ನಾನೇ ಒತ್ತಿದ್ದು. ಆ ಮಗು ಈಗ ಅಂಬೆಗಾಲಿಡ್ತಿದೆಯಂತೆ."

ಆ ದಿನ ಒಲೆಯ ಮುಂದೆ ಇದ್ದಳಂತೆ. ಟ್ಯಾಬು ಕೂಗಿತು. ಟೈಲರಮ್ಮ ಎಲ್ಲೋ ಬಟ್ಟೆ ಕೊಡಲು ಹೋಗಿರಬೇಕು ಅಂದುಕೊಂಡು, ಕೆಂಪಾಗುವ ಮೊದಲು ಒತ್ತಿದಳು. ಭಾವನಿಗೆ ಫೋನ್ ಮಾಡಿದಳು. ಹೋಗಲಿಲ್ಲ. ಮತ್ತೆ ಮಾಡಿದಳು. ಆ ಬೀದಿಯ ಟವರಿನ ಜೊತೆಗೇ ಭಾವನ ಫೋನೂ ಸತ್ತಿತ್ತು, ಅದು ಅವಳಿಗೆ ಹೇಗೆ ಗೊತ್ತಾಗಬೇಕು?

ನಾನು ಕೆಳಗೆ ಕೂತೆ. ಬಟ್ಟೆಯ ರಾಶಿ ನಮ್ಮಿಬ್ಬರ ನಡುವೆ ಇತ್ತು. ಭಾವ ನೆಲ ನೋಡುತ್ತಿದ್ದುದು ಯಾರನ್ನು ಉಳಿಸಲು ಎಂದು ಈಗ ಗೊತ್ತಾಯಿತು.

"ಆಮೇಲೆ ನೀನು ಕೈಕಟ್ಟಿ ಕೂತೆಯಾ?" ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಅಕ್ಕ ಮೊದಲ ಸಲ ತಲೆಯೆತ್ತಿದಳು.

"ಯಾಕೆ ಕೂರಲಿ? ಕಂಟ್ರೋಲ್ ರೂಮಿಗೆ ಮಾಡಿದೆ. ಒತ್ತಿದ್ದು ನಾನು, ನಮ್ಮವರಿಗೆ ಗೊತ್ತೇ ಇಲ್ಲ, ಬೇರೆ ಗಾಡಿ ಕಳಿಸಿ ಅಂತ ಬಾಯಿ ಬಿಟ್ಟು ಹೇಳಿದೆ. ಗಾಡಿ ಒಪ್ಪಿಕೊಂಡಿದೆ ಅಂತ ಹಸಿರು ತೋರಿಸ್ತಿದೆಯಮ್ಮ, ಗಾಬರಿ ಆಗಬೇಡಿ, ನಾನು ನೋಡ್ಕೋತೀನಿ ಅಂದ್ರು. ನೋಡ್ಕೋತಾರೆ ಅಂದುಕೊಂಡೆ."

"ಯಾರು ಅಂದಿದ್ದು?"

"ಮುಖ್ಯಸ್ಥರು. ಅವತ್ತೇ ಸಂಜೆ ಅವರೇ ಮನೆಗೆ ಬಂದಿದ್ರು. ಮಧ್ಯಾಹ್ನ ನಿಮ್ಮ ಜೊತೆ ಮಾತಾಡಿದ್ದು ನಾನೇ ಅಂತ ಹೇಳಿದ್ರು. ನೀವು ಫೋನ್ ಮಾಡಿದ್ದನ್ನ ನೀವು ಮರೆತುಬಿಡಿ, ನೀವು ಒತ್ತಿದ್ದನ್ನ ನಾನು ಮರೀತೀನಿ ಅಂದ್ರು. ಟ್ಯಾಬ್ ತಗೊಂಡು ಹೋದ್ರು."

ಅರ್ಧ ಊರು ದಾಟಿ ಬಂದಿದ್ದರೂ ಆ ಇಸ್ತ್ರಿ ಕೆಡದ ಅಂಗಿ ನನ್ನ ಕಣ್ಣೆದುರು ನಿಂತಿತು. ಪರದೆ ಮೊದಲೇ ತೆರೆದಿದ್ದುದು ಯಾಕೆಂದು ಈಗ ತಿಳಿಯಿತು. ನಾನು ಪತ್ತೆ ಮಾಡಿದೆನೆಂದುಕೊಂಡಿದ್ದನ್ನೆಲ್ಲ ಅವರೇ ನನಗೆ ಬಡಿಸಿದ್ದರು. ಅಕ್ಕನ ಓಣಿಯವರೆಗೆ ಕೈಹಿಡಿದು ತಂದು ಬಿಟ್ಟಿದ್ದರು. ಇಲ್ಲಿಗೆ ಬಂದ ಮೇಲೆ ನಾನು ಬಾಯಿ ಮುಚ್ಚುತ್ತೇನೆ ಎಂದು ಅವರಿಗೆ ಗೊತ್ತಿತ್ತು.

ಟೈಮ್‌ಕೀಪರ್ ಆಗಿನ್ನೂ ಬದುಕಿದ್ದ. ಕಂಟ್ರೋಲ್ ರೂಮಿನಲ್ಲಿ ಒಬ್ಬ ಮನುಷ್ಯ ಕಿವಿಯಲ್ಲಿ ಕೇಳಿದ ಮಾತಿಗಿಂತ ಗೋಡೆಯ ಮೇಲಿನ ಹಸಿರು ಚುಕ್ಕಿಯನ್ನು ನಂಬಿದ್ದ.

ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಭಾವ ಒಳಗೆ ಬಂದು, ನನ್ನನ್ನು ನೋಡಿ, ಎಲ್ಲ ತಿಳಿದವರಂತೆ ತಲೆಯಾಡಿಸಿದರು. ಅಕ್ಕನ ಪಕ್ಕ ನೆಲದ ಮೇಲೆ ಕೂತರು.

"ಎಲ್ಲಿದ್ರಿ ಭಾವ? ಎಷ್ಟು ಸಲ ಫೋನ್ ಮಾಡಿದೆ."

"ನೀನು ಕೂತಿದ್ದೆಯಲ್ಲ, ಅದರ ಪಕ್ಕದ ಕೋಣೆಯಲ್ಲೇ. ಮುಖ್ಯಸ್ಥರು ಬಾ ಅಂತ ಹೇಳಿ ಕಳಿಸಿದ್ರು, ಅಲ್ಲಿ ಕೂರಿಸಿದ್ರು. ನೀವು ಮಾತಾಡಿದ್ದೆಲ್ಲ ಕೇಳಿಸ್ತಿತ್ತು. ಓಣಿ ಹೆಸರು ಕೇಳಿ ನೀನು ಸುಮ್ಮನಾದೆ ನೋಡು, ಆಗಲೇ ನನಗೆ ಗೊತ್ತಾಯ್ತು." ಅವರ ದನಿಯಲ್ಲಿ ದೂರು ಇರಲಿಲ್ಲ. "ನೀನು ಹೋದ ಮೇಲೆ ಬರೆದುಕೊಟ್ಟೆ. ಒತ್ತಿದ್ದು ನಾನೇ, ಹೋಗದೇ ಇದ್ದಿದ್ದೂ ನಾನೇ ಅಂತ. ಇನ್ನು ಇವಳ ಹೆಸರು ಎಲ್ಲೂ ಬರಲ್ಲ."

ಅಕ್ಕ ಮಡಚಿದ್ದ ಅಂಗಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಬಟ್ಟೆಯ ರಾಶಿಯ ಕೆಳಗೆ ಕೈಹಾಕಿ ತನ್ನ ಫೋನು ತೆಗೆದಳು. ಹೆಬ್ಬೆರಳಿನಿಂದ ಹಿಂದಕ್ಕೆ, ಹಿಂದಕ್ಕೆ ಸರಿಸಿದಳು. ಭಾವನ ಹೆಸರು, ಮತ್ತೆ ಭಾವನ ಹೆಸರು, ಅದರ ಮೇಲೆ ಕಂಟ್ರೋಲ್ ರೂಮಿನ ಸಂಖ್ಯೆ. ಆ ದಿನದ್ದು, ಆ ಹೊತ್ತಿನದು. ಕರೆ ಎತ್ತಿ ಮಾತಾಡಿದ್ದಾರೆ ಎಂಬ ಗುರುತೂ ಇತ್ತು. ಟ್ಯಾಬ್ ತೆಗೆದುಕೊಂಡು ಹೋದ ಮನುಷ್ಯ ಇದೊಂದನ್ನು ಮರೆತಿದ್ದ.

ಇದು ನಾಳೆ ಮೇಜಿನ ಮೇಲೆ ಬಿದ್ದರೆ ಭಾವ ಹೊರಗೆ ಬರುತ್ತಾರೆ, ಮುಖ್ಯಸ್ಥರು ಸಿಕ್ಕಿಬೀಳುತ್ತಾರೆ, ಅಗ್ನಿಶಾಮಕ ದಳದ ತಂತಿ ಉಳಿದರೂ ಉಳಿಯಬಹುದು. ಆದರೆ ಒತ್ತಿದ್ದು ತಾನೇ ಎಂದು ಆ ಕಟಕಟೆಯಲ್ಲಿ ಮೊದಲು ನಿಲ್ಲಬೇಕಾದವಳು ಅಕ್ಕ.

"ಅಳಿಸಿಬಿಡು," ಎಂದರು ಭಾವ, ಕೈ ಚಾಚಿ. "ಇಲ್ಲಿ ಕೊಡು, ನಾನೇ ಅಳಿಸ್ತೀನಿ."

ಅಕ್ಕ ಅವರಿಗೆ ಕೊಡಲಿಲ್ಲ. ಮಡಚಿದ ಬಟ್ಟೆಗಳ ಮೇಲಿಂದ ಫೋನನ್ನು ನನ್ನ ಕಡೆಗೆ ಹಿಡಿದಳು.

"ತಂಗಿಯಾಗಿ ತಗೋತೀಯೋ, ಅವರ ವಕೀಲೆಯಾಗಿ ತಗೋತೀಯೋ, ಅದನ್ನ ಮೊದಲು ಹೇಳು," ಎಂದಳು.